ದೇವರಿಗೆ ಬೇಡದ ಬೆರಳು

ನಾನು ಎರಡು ಕೆಲಸದ ಮನುಷ್ಯ. ಹೊಸಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಕಮಲಾಪುರದ ಆಚೆ, ಬಾಳೆತೋಟಗಳ ನಡುವೆ ಇರುವ ನಮ್ಮ ಮನೆತನದ ಸಣ್ಣ ಗುಡಿಯಲ್ಲಿ ಪಾಳಿ ಬಂದಾಗ ಅರ್ಚಕ. ಪಾಳಿ ಎಂದರೆ ಸರದಿ. ದಾಯಾದಿಗಳ ಆರು ಮನೆಗಳು ವರ್ಷದ ಪೂಜೆಯನ್ನು ಹಂಚಿಕೊಂಡಿವೆ. ಹಂಚಿಕೆ ಪ್ರತಿ ವರ್ಷ ಒಂದೊಂದು ಮನೆ ಮುಂದಕ್ಕೆ ಸರಿಯುತ್ತದೆ. ಹಾಗಾಗಿ ಧನುರ್ಮಾಸದ ಪೂಜೆ ಒಂದು ಮನೆಗೆ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಹೋದ ಸಲ ನಮ್ಮ ಮನೆಗೆ ಬಂದಾಗ ಅಪ್ಪ ಇದ್ದರು. ಬೆಳಕು ಹರಿಯುವ ಮೊದಲೇ ಅಭಿಷೇಕ ಮುಗಿಸಿ, ಬಿಸಿ ಹುಗ್ಗಿಯ ನೈವೇದ್ಯ ಮಾಡಿ ಹೊರಬರುತ್ತಿದ್ದ ಅವರ ಮುಖವನ್ನು ನಾನು ಗಂಟೆ ಬಾರಿಸುತ್ತ ನೋಡಿದ್ದೆ. ಈಗ ಅಪ್ಪ ಇಲ್ಲ. ಈ ಸಲದ ಧನುರ್ಮಾಸ ನನ್ನದಾಗಿತ್ತು. ಅದು ನನ್ನ ಕೈಯಿಂದ ಆಗಬೇಕು ಎಂಬ ಆಸೆ ನನಗೆ ಎಷ್ಟಿತ್ತು ಎಂದರೆ, ಇಡೀ ವರ್ಷ ಆ ವಿಷಯ ಬಂದಾಗಲೆಲ್ಲ ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ದೃಷ್ಟಿಯಾದೀತು ಎಂಬ ಭಯ. ವಿಜ್ಞಾನದ ಮೇಷ್ಟ್ರು ಎಂದೆನಲ್ಲ, ಅದು ಶಾಲೆಯೊಳಗೆ ಮಾತ್ರ.

ಈ ಎರಡು ಕೆಲಸಗಳ ನಡುವೆ ನನಗೊಂದು ಚಟವೂ ಇದೆ. ಎಲೆ ಅಡಿಕೆಯ ಚಟವಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನನ್ನದು ಪುಟ್ಟ ಇಂಜಿನ್ನುಗಳ ಚಟ. ಆಟದ ವಿಮಾನಗಳ ಮೂತಿಗೆ ಕೂರಿಸುವ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಇಂಜಿನ್ನುಗಳು. ಕಾಲೇಜಿನಲ್ಲಿದ್ದಾಗ ಏರೋಮಾಡೆಲಿಂಗ್ ಶಿಬಿರಕ್ಕೆ ಹೋಗಿ ಅಂಟಿಸಿಕೊಂಡು ಬಂದದ್ದು ಇನ್ನೂ ಬಿಟ್ಟಿಲ್ಲ. ಮೊದಲು ಮರಿಯಮ್ಮನಹಳ್ಳಿ ಕಡೆಯ ಬೀಳು ಹೊಲಗಳಲ್ಲಿ ವಿಮಾನ ಹಾರಿಸುತ್ತಿದ್ದೆ. ಆಮೇಲೆ ಡ್ರೋನುಗಳು ಬಂದವು, ಆಕಾಶದಲ್ಲಿ ಏನು ಗುಂಯ್‌ಗುಟ್ಟಿದರೂ ಯಾರೋ ಒಬ್ಬರು ಓಡಿಬಂದು ಪರ್ಮಿಶನ್ ಕೇಳತೊಡಗಿದರು. ಹಂಪಿ ಹತ್ತಿರವಿರುವವರಿಗೆ ಈ ಕಾಟ ಇನ್ನೂ ಜಾಸ್ತಿ. ಹಾರಿಸುವುದು ನಿಂತಿತು. ಹಲಗೆಗೆ ಬಿಗಿದು ಓಡಿಸಿ, ಸದ್ದು ಕೇಳಿ, ಒರೆಸಿ ಇಡುವುದು ಮಾತ್ರ ಉಳಿಯಿತು. ಹೆಂಡತಿಗೆ ಇದು ಇನ್ನೂ ಅರ್ಥವಾಗಿಲ್ಲ.

"ಹಾರೂದಿಲ್ಲ, ನೀರು ಎತ್ತೂದಿಲ್ಲ, ಹಿಟ್ಟು ಬೀಸೂದಿಲ್ಲ. ಬರೇ ಒದರ್ತದ. ಅದಕ್ಕ ಇಷ್ಟು ಸೇವಾ ಏನ್ರಿ?" ಎನ್ನುತ್ತಾಳೆ.

ನನ್ನ ಹತ್ತಿರ ಇದ್ದದ್ದು ಗ್ಲೋ ಇಂಜಿನ್. ಅದರ ತಲೆಯಲ್ಲಿ ಒಂದು ಪುಟಾಣಿ ಪ್ಲಗ್, ಪ್ಲಗ್ಗಿನೊಳಗೆ ಕೂದಲೆಳೆಯ ತಂತಿಯ ಸುರುಳಿ. ಶುರುವಿನಲ್ಲಿ ಬ್ಯಾಟರಿ ತಾಗಿಸಿ ಆ ತಂತಿಯನ್ನು ಕೆಂಡ ಮಾಡಬೇಕು. ಒಮ್ಮೆ ಓಡತೊಡಗಿದ ಮೇಲೆ ಬ್ಯಾಟರಿ ತೆಗೆದರೂ ತಂತಿ ಕೆಂಪಗೇ ಇರುತ್ತದೆ, ಇಂಜಿನ್ ಓಡುತ್ತಲೇ ಇರುತ್ತದೆ. ಆದರೆ ಇದೆಲ್ಲ ನಡೆಯಬೇಕಾದರೆ ಮೆಥನಾಲ್ ಬೇಕು. ಹರಳೆಣ್ಣೆ ಬೆರೆಸಿದ ಮೆಥನಾಲ್ ಅದರ ಊಟ. ಮೊದಲು ಹೇಗೋ ಸಿಗುತ್ತಿತ್ತು. ಈಗ ಮೆಥನಾಲ್ ಎಂದರೆ ಎಲ್ಲರಿಗೂ ನೆನಪಾಗುವುದು ಕಳ್ಳಭಟ್ಟಿ ಕುಡಿದು ಸತ್ತವರು. ಲೈಸೆನ್ಸ್ ಇಲ್ಲದವರಿಗೆ ಯಾರೂ ಕೊಡುವುದಿಲ್ಲ. ಕೊಡದಿರುವುದೇ ಸರಿ ಎಂದು ನನಗೂ ಗೊತ್ತು. ಆದರೂ ಬಳ್ಳಾರಿಯ ಕೆಮಿಕಲ್ ಅಂಗಡಿಯೊಂದಕ್ಕೆ ಹೋಗಿ ಕೇಳಿದೆ. ಅಂಗಡಿಯವನು ನನ್ನ ಹಣೆಯ ಮೇಲಿನ ಅಂಗಾರ ಅಕ್ಷತೆ ನೋಡಿದ, ಜುಟ್ಟು ನೋಡಿದ.

"ಆಚಾರ್ರ, ನಿಮಗ್ಯಾಕ್ರಿ ಇದು?" ಎಂದ, ಭಾಳ ಮೆಲ್ಲಗೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಆಟದ ವಿಮಾನಕ್ಕೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಹೊರಬಂದೆ.

ಡೀಸೆಲ್ ಮಾಡಿಬಿಡೋಣ ಎಂದವನು ಸಂಡೂರಿನ ನನ್ನ ಗೆಳೆಯ. ಗಣಿಯೊಂದರ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿ ರಿಟೈರ್ ಆದವನು, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಲೋಹ ಕಡೆಯುವ ಒಂದು ಹಳೆಯ ಲೇತ್ ಇಟ್ಟುಕೊಂಡಿದ್ದಾನೆ. ನನಗಿಂತ ಹಿರಿಯ, ಮಾತು ಜಾಸ್ತಿ, ಮಾಡಿದ ಕೆಲಸಕ್ಕಿಂತ ಮಾಡಲಿರುವ ಕೆಲಸದ ವರ್ಣನೆ ಇನ್ನೂ ಜಾಸ್ತಿ. ಡಂಪರ್ ಲಾರಿಗಳ ಇಂಜಿನ್ ಬಿಚ್ಚಿ ಬೇಸತ್ತವನಿಗೆ ನನ್ನ ಅಂಗೈ ಇಂಜಿನ್ ಕಂಡರೆ ಮೊಮ್ಮಗು ಕಂಡಷ್ಟು ಖುಷಿ.

"ಪ್ಲಗ್ಗೂ ಬ್ಯಾಡ, ಬ್ಯಾಟ್ರೀನೂ ಬ್ಯಾಡ ಆಚಾರ್ರ. ತಲಿ ಕಿತ್ತೊಗದು ಬ್ಯಾರೆ ತಲಿ ಕುಂದ್ರಸೋಣು. ಒತ್ತಡಕ್ಕ ತಾನ ಹತ್ಕೊಂತೈತಿ," ಎಂದ.

ಅವನು ಹೇಳಿದ್ದು ಸರಿಯೇ. ಗ್ಲೋ ಇಂಜಿನ್ನನ್ನು ಡೀಸೆಲ್ ಮಾಡುವುದೆಂದರೆ ಕೆಳಗಿನ ಮೈಯನ್ನು ಮುಟ್ಟಬೇಕಿಲ್ಲ. ತಲೆಯನ್ನು ಬಿಚ್ಚಿ, ಪ್ಲಗ್ಗೇ ಇಲ್ಲದ ಹೊಸ ತಲೆಯನ್ನು ಕೂರಿಸಬೇಕು. ಹೊಸ ತಲೆಯೊಳಗೆ ಇನ್ನೊಂದು ಗಿಡ್ಡ ಪಿಸ್ಟನ್ ತಲೆಕೆಳಗಾಗಿ ಕೂತಿರುತ್ತದೆ. ಅದರ ನೆತ್ತಿಗೆ ಒಂದು ತಿರುಪು, ತಿರುಪಿಗೆ ಅಡ್ಡಲಾಗಿ ಒಂದು ಕಡ್ಡಿ. ಕಡ್ಡಿ ತಿರುಗಿಸಿದರೆ ಮೇಲಿನ ಪಿಸ್ಟನ್ ಕೆಳಗಿಳಿಯುತ್ತದೆ, ನಡುವಿನ ಜಾಗ ಕಡಿಮೆಯಾಗುತ್ತದೆ, ಒತ್ತಡ ಏರುತ್ತದೆ. ಒತ್ತಿದ ಗಾಳಿ ಬಿಸಿಯಾಗಿ ಇಂಧನ ತಾನಾಗಿ ಹತ್ತಿಕೊಳ್ಳುತ್ತದೆ. ಒತ್ತಡ ಕಡಿಮೆಯಾದರೆ ಇಂಜಿನ್ ಹತ್ತುವುದಿಲ್ಲ, ಜಾಸ್ತಿಯಾದರೆ ತಿರುಗಿ ಒದೆಯುತ್ತದೆ. ಸರಿಯಾದ ಜಾಗ ಎಲ್ಲಿದೆ ಎಂದು ಯಾವ ಗುರುತೂ ಇಲ್ಲ, ಕೈಗೆ ಗೊತ್ತಾಗಬೇಕು ಅಷ್ಟೆ.

ತಲೆ ಮಾಡಿದ್ದು ಒಂದು ದಿನದ ಕೆಲಸವಲ್ಲ. ಗೆಳೆಯ ಮೊದಲು ಮಾಡಿದ್ದು ಸೋರಿತು. ಎರಡನೆಯದರ ತಿರುಪು ಓರೆಯಾಯಿತು. ಪ್ರತಿ ಸಲವೂ ತಪ್ಪು ಅಲ್ಯೂಮಿನಿಯಂದು ಎಂದ. ಕೊನೆಗೆ ಒಳಪಿಸ್ಟನ್ನಿನ ಸುತ್ತ ರಬ್ಬರಿನ ಸಣ್ಣ ಬಳೆ ಹಾಕಿದ ಮೇಲೆ ಗಾಳಿ ಸೋರುವುದು ನಿಂತಿತು. ಸಂಡೂರಿನ ಕೆಂಪು ದೂಳು ಬೇರೆ. ಅದಿರಿನ ದೂಳು ಒಳಗೆ ಹೋದರೆ ಪಿಸ್ಟನ್ನನ್ನು ಉಜ್ಜಿ ತಿಂದುಬಿಡುತ್ತದೆ. ಹಾಗಾಗಿ ಅವನ ಹೆಂಡತಿಯ ಹಳೆಯ ಸೀರೆಯ ತುಂಡನ್ನು ಒದ್ದೆ ಮಾಡಿ ಹಾಸಿ ಅದರ ಮೇಲೆ ಕೆಲಸ ಮಾಡುತ್ತಿದ್ದೆವು. ಪ್ರತಿ ಭಾನುವಾರ ನಾನು ಮೊದಲ ಬಸ್ಸಿಗೆ ಸಂಡೂರು ಸೇರುವುದು, ಸಂಜೆ ಕೈ ತುಂಬ ಮಸಿ ಮಾಡಿಕೊಂಡು ಮರಳುವುದು ಅಭ್ಯಾಸವಾಯಿತು.

ಡೀಸೆಲ್ ಎಂದರೆ ಬಂಕಿನ ಡೀಸೆಲ್ ಅಲ್ಲ. ಈ ಮಾತನ್ನು ನಾನು ಊರಿಗೆಲ್ಲ ಹೇಳಿ ಸುಸ್ತಾಗಿದ್ದೇನೆ. ಇದರ ಇಂಧನ ಮೂರು ವಸ್ತುಗಳ ಕೂಟ: ಸೀಮೆಎಣ್ಣೆ, ಹರಳೆಣ್ಣೆ, ಈಥರ್. ಸೀಮೆಎಣ್ಣೆ ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲೂ ಇತ್ತು. ಈಗ ರೇಶನ್ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಕೊನೆಗೆ ಹೆಂಡತಿಯ ತವರಾದ ಕಂಪ್ಲಿಯಲ್ಲಿ ಸಿಕ್ಕಿತು. ಭತ್ತದ ಗದ್ದೆಯ ಹಳೇ ಪಂಪಿಗೆಂದು ಎಂದೋ ತಂದಿಟ್ಟ ಒಂದು ಕ್ಯಾನು ಅಟ್ಟದ ಮೇಲೆ ಹಾಗೇ ಇತ್ತು. ಹರಳೆಣ್ಣೆಯೂ ಅಲ್ಲಿಯದೇ, ಗಾಣದಲ್ಲಿ ತೆಗೆಸಿದ್ದು. ನಮ್ಮ ಅತ್ತೆಯವರು ಬಾಟಲಿ ತುಂಬಿ ಕೊಡುತ್ತ, "ನೆತ್ತಿಗೆ ಹಚ್ಕೋರಿ, ತಂಪು. ನಿಮಗ ಅಗದೀ ಬೇಕದು," ಎಂದರು. ಅವರಿಗೆ ನಾನು ಇಂಜಿನ್ನಿನ ಸುದ್ದಿ ಹೇಳಿರಲಿಲ್ಲ. ಮಗಳು ಹೇಳಿದ್ದಳೋ ಏನೋ.

ಈಥರನ್ನು ಗೆಳೆಯ ಗಣಿಯ ಗುರುತಿನವರಿಂದ ಹೇಗೋ ತಂದ, ಆದರೆ ಅದು ನಮ್ಮನ್ನು ಅಳಿಸಿತು. ಹತ್ತಿಕೊಳ್ಳುವ ಗುಣ ಇರುವುದು ಅದಕ್ಕೇ. ಅದಿಲ್ಲದೆ ಇಂಜಿನ್ ಬರಿಯ ಲೋಹದ ಮುದ್ದೆ. ಆದರೆ ಈಥರ್ ಕುದಿಯುವುದು ನಮ್ಮ ಮೈಬಿಸಿಗಿಂತ ಕಡಿಮೆ ಬಿಸಿಯಲ್ಲಿ. ನಾನು ಇದನ್ನು ಮಕ್ಕಳಿಗೆ ಪಾಠ ಮಾಡಿದ್ದೆ, ಬೋರ್ಡಿನ ಮೇಲೆ ಬರೆದಿದ್ದೆ. ಆದರೆ ನಮ್ಮ ಊರಿನ ಬಿಸಿಲನ್ನೂ ಆ ಪಾಠವನ್ನೂ ಜೋಡಿಸಿ ನೋಡಿರಲಿಲ್ಲ. ಏಪ್ರಿಲಿನಲ್ಲಿ ಹೊಸಪೇಟೆಯಲ್ಲಿ ನೆರಳಿನಲ್ಲಿಟ್ಟ ತಾಮ್ರದ ಚೊಂಬೇ ಸುಡುತ್ತದೆ, ಈಥರ್ ಯಾವ ಲೆಕ್ಕ! ಬಾಟಲಿಯ ಮುಚ್ಚಳ ತಿರುಗಿಸಿದರೆ ಸುಯ್ಯೆಂದು ಏದುಸಿರು ಬಿಟ್ಟು ಹೊರಟೇ ಹೋಗುತ್ತಿತ್ತು. ಅಳೆದು ಬೆರೆಸಿದ್ದು ಟ್ಯಾಂಕಿಗೆ ಹಾಕುವಷ್ಟರಲ್ಲಿ ಬರೀ ಸೀಮೆಎಣ್ಣೆ ಹರಳೆಣ್ಣೆಯಾಗಿರುತ್ತಿತ್ತು. ಫ್ರಿಜ್ಜಿನಲ್ಲಿ ಇಡುವುದು ಅಪಾಯ, ಹೊತ್ತಿಕೊಳ್ಳುತ್ತದೆ. ಒದ್ದೆ ಮರಳಿನಲ್ಲಿ ಮಡಕೆ ಹೂತು, ಮಡಕೆಯೊಳಗೆ ಬಾಟಲಿ ಇಟ್ಟೆವು. ಆ ಬೇಸಿಗೆಯಿಡೀ ಇಂಜಿನ್ ಒಂದು ಸಲ ಕೂಡ ಕೆಮ್ಮಲಿಲ್ಲ.

"ಇದು ಎಣ್ಣಿ ಅಲ್ರಿ ಆಚಾರ್ರ, ದೆವ್ವ ಐತಿ. ಕೈಯಾಗ ಹಿಡಿದ್ರ ಇರಂಗಿಲ್ಲ," ಎಂದು ಗೆಳೆಯ ಟೋಪಿ ತೆಗೆದು ತಲೆ ಕೆರೆದುಕೊಂಡ.

ನಮ್ಮಿಬ್ಬರ ಕೈಲಿ ಮಾಡಲಾಗುವುದು ಒಂದೇ ಉಳಿಯಿತು, ಚಳಿಗಾಲಕ್ಕೆ ಕಾಯುವುದು. ಬಿಸಿಲಿನ ಜೊತೆ ವಾದ ಮಾಡಲಾಗುತ್ತದೆಯೇ? ನನಗೆ ತಡೆಯುವ ಗುಣ ಹುಟ್ಟಿನಿಂದಲೇ ಕಡಿಮೆ. ಶಾಲೆಯಲ್ಲಿ ಮಕ್ಕಳ ಮೇಲೆ, ಮನೆಯಲ್ಲಿ ಮಿಕ್ಸರಿನ ಮೇಲೆ ರೇಗುತ್ತ ಮಳೆಗಾಲ ಕಳೆದೆ. ಕಾರ್ತಿಕ ಬಂತು. ಸಂಡೂರಿನ ಗುಡ್ಡಗಳ ಕಡೆಯಿಂದ ಬೆಳಗಿನ ಹೊತ್ತು ತಣ್ಣನೆ ಗಾಳಿ ಬೀಸತೊಡಗಿತು. ನಾನು ಶನಿವಾರ ಸಂಜೆಯೇ ಹೋಗಿ ಗೆಳೆಯನ ಮನೆಯಲ್ಲಿ ಉಳಿದು, ಬೆಳಿಗ್ಗೆ ಎದ್ದ ಕೂಡಲೆ ಸ್ನಾನಕ್ಕೂ ಮೊದಲೇ ಶೆಡ್ಡಿಗೆ ಹೋಗುತ್ತಿದ್ದೆ.

ಇಲ್ಲಿ ಬೆರಳಿನ ವಿಷಯ ಹೇಳಬೇಕು. ಈ ಇಂಜಿನ್ನಿಗೆ ಕಿಕ್ ಇಲ್ಲ, ಸೆಲ್ಫ್ ಇಲ್ಲ. ಪ್ರೊಪೆಲ್ಲರಿನ ರೆಕ್ಕೆಯನ್ನು ಬೆರಳಿನಿಂದ ಚಕ್ಕನೆ ಹೊಡೆದು ತಿರುಗಿಸಬೇಕು, ಹೊಡೆದ ಕೂಡಲೆ ಕೈ ಹಿಂದೆಗೆಯಬೇಕು. ಎಲ್ಲರೂ ತೋರುಬೆರಳು ನಡುಬೆರಳು ಎರಡನ್ನೂ ಜೋಡಿಸಿ ಹೊಡೆಯುತ್ತಾರೆ. ಜೋಡಿ ಬೆರಳಿಗೆ ಬಲ ಇರುತ್ತದೆ, ವೇಗ ಇರುತ್ತದೆ. ನಾನು ಮಾತ್ರ ಮೊದಲಿನಿಂದಲೂ ಬಲಗೈಯ ತೋರುಬೆರಳೊಂದರಿಂದಲೇ ಹೊಡೆಯುತ್ತಿದ್ದೆ. ಅದಕ್ಕೆ ಕಾರಣ ಇತ್ತು. ತೋರುಬೆರಳು ದೇವರ ಕೆಲಸಕ್ಕೆ ಬರುವುದಿಲ್ಲ. ಗಂಧ ಹಚ್ಚುವುದು ಉಂಗುರಬೆರಳಿನಿಂದ. ತುಳಸಿ ಏರಿಸುವುದು ಹೆಬ್ಬೆರಳು, ನಡುಬೆರಳು, ಉಂಗುರಬೆರಳು ಸೇರಿಸಿ. ಜಪಮಣಿ ಎಣಿಸುವಾಗಲೂ ತೋರುಬೆರಳು ದೂರ ನಿಲ್ಲಬೇಕು. ಅದು ಇನ್ನೊಬ್ಬರ ಕಡೆ ತೋರಿಸಿ ಬೈಯುವ ಬೆರಳು, ಪೂಜೆಯಲ್ಲಿ ಅದಕ್ಕೆ ಕೆಲಸವಿಲ್ಲ ಎಂದು ಅಪ್ಪ ಕಲಿಸಿದ್ದರು. ಹಾಗಾದರೆ ಅದು ಇಂಜಿನ್ನಿಗಿರಲಿ, ಉಳಿದ ನಾಲ್ಕು ದೇವರಿಗಿರಲಿ ಎಂದು ನಾನೇ ಮನಸ್ಸಿನಲ್ಲಿ ಹಂಚಿಕೆ ಮಾಡಿಕೊಂಡಿದ್ದೆ. ನಡುಬೆರಳಿಗೆ ಏನಾದರೂ ಆದರೆ ತುಳಸಿ ಹಿಡಿಯುವುದು ಹೇಗೆ? ಗ್ಲೋ ಇಂಜಿನ್ ಮೆತ್ತಗಿನ ಪ್ರಾಣಿ, ಒಂಟಿ ಬೆರಳಿಗೂ ಓಡುತ್ತಿತ್ತು. ನನ್ನ ಈ ಜಾಣತನದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಗೆಳೆಯನಿಗೆ ಇದು ಸರಿಬರಲಿಲ್ಲ. "ಇದು ಡೀಸಲ್ಲು ಆಚಾರ್ರ, ತಿರುಗಿ ಒದೀತೈತಿ. ಎರಡು ಬೆರಳು ಇಡ್ರಿ," ಎಂದು ಹೇಳಿಯೇ ಹೇಳಿದ. ವರ್ಕ್‌ಶಾಪಿನ ಕೈಗವಸಿನಿಂದ ಬೆರಳಿಗೆ ಒಂದು ಚೀಲ ಕತ್ತರಿಸಿ ಹೊಲಿದುಕೊಟ್ಟ. ಅದು ಚರ್ಮದ್ದು, ನಾನು ಹಾಕಿಕೊಳ್ಳಲಿಲ್ಲ. ಸೈಕಲ್ ಟ್ಯೂಬಿನ ತುಂಡು ಸುತ್ತಿ ನೋಡಿದೆ. ಸೀಮೆಎಣ್ಣೆ ತಾಗಿ ಅದು ಉಬ್ಬಿ ಜಾರತೊಡಗಿತು, ಬಿಸಾಡಿದೆ. ಬರಿಬೆರಳೇ ವಾಸಿ ಎನಿಸಿತು.

ಆ ಭಾನುವಾರ ಚಳಿ ಚೆನ್ನಾಗಿತ್ತು. ಗೆಳೆಯ ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದ. ಹೊಸದಾಗಿ ಬೆರೆಸಿದ ಇಂಧನ ಹಾಕಿ, ನಾಲ್ಕು ಹನಿ ಇಂಜಿನ್ನಿನ ಬಾಯಿಗೆ ಬಿಟ್ಟು, ಹೊಡೆದೆ. ಏನೂ ಇಲ್ಲ. ಕಡ್ಡಿಯನ್ನು ಚೂರು ತಿರುಗಿಸಿ ಒತ್ತಡ ಏರಿಸಿ ಹೊಡೆದೆ. ಫಟ್ ಎಂದು ಒಂದು ಸದ್ದು, ನೀಲಿ ಹೊಗೆಯ ಒಂದು ಎಳೆ. ನಮ್ಮಿಬ್ಬರ ಮುಖ ಅರಳಿತು. ಇನ್ನೊಂದು ಚೂರು ತಿರುಗಿಸಿದೆ. ಹೊಡೆದೆ. ಇಂಜಿನ್ ಹತ್ತಿತು. ಆದರೆ ಮುಂದಕ್ಕಲ್ಲ, ಹಿಂದಕ್ಕೆ. ಒದ್ದು ತಿರುಗಿಬಿದ್ದು ಉಲ್ಟಾ ಓಡತೊಡಗಿತು. ಒಂಟಿ ಬೆರಳು ಇನ್ನೂ ರೆಕ್ಕೆಯ ದಾರಿಯಲ್ಲೇ ಇತ್ತು.

ಮೊದಲು ನೋವಾಗಲಿಲ್ಲ. ಸದ್ದು ಕೇಳಿಸಿತು. ಅಷ್ಟು ತಿಂಗಳು ಕಾದ ಸದ್ದು, ದಪ್ಪಗೆ, ತುಂಬಿಕೊಂಡು, ಗ್ಲೋ ಇಂಜಿನ್ನಿನ ಕಿರುಚಾಟ ಇಲ್ಲದ ಗಂಭೀರವಾದ ನಾದ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒಂದು ಗಳಿಗೆ ನನಗೆ ಸಂತೋಷವೇ ಆಯಿತು. ಆಮೇಲೆ ಒದ್ದೆ ಸೀರೆಯ ತುಂಡಿನ ಮೇಲೆ ನನ್ನ ರಕ್ತ ಕಂಡಿತು. ಗೆಳೆಯನ ಕೈಯ ಚಹಾ ಬಿದ್ದಿತ್ತು. ಅವನು ತನ್ನ ಹೆಗಲ ಟವೆಲ್ಲಿನಿಂದ ನನ್ನ ಕೈ ಸುತ್ತಿ ಬಿಗಿದ. ಇಂಜಿನ್ ಓಡುತ್ತಲೇ ಇತ್ತು. ಡೀಸೆಲಿಗೆ ಆರಿಸುವ ಸ್ವಿಚ್ ಇಲ್ಲ, ಕಿತ್ತುಹಾಕಲು ಪ್ಲಗ್ಗೂ ಇಲ್ಲ. ಇಂಧನದ ನಳಿಗೆ ಹಿಸುಕಬೇಕು, ಅಷ್ಟು ಹತ್ತಿರ ಹೋಗಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಟ್ಯಾಂಕ್ ಬರಿದಾಗುವವರೆಗೂ ಅದು ಒಂದೇ ಸಮನೆ ಓಡಿತು. ನಾವಿಬ್ಬರೂ ಅದನ್ನು ನೋಡುತ್ತ ನಿಂತಿದ್ದೆವು.

ಗೆಳೆಯನ ಬೈಕಿನ ಹಿಂದೆ ಕೂತು ಹೊಸಪೇಟೆಗೆ ಹೊರಟೆ. ದಾರಿಯ ತುಂಬ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಎಲ್ಲೋ ಮುಂದೆ ಯಾವುದೋ ಲಾರಿ ಕೆಟ್ಟಿತ್ತು. ಬೈಕು ನುಗ್ಗುವಷ್ಟು ಸಂದಿ ಇದ್ದಲ್ಲಿ ನುಗ್ಗಿದೆವು, ಇಲ್ಲದ ಕಡೆ ನಿಂತೆವು. ಗೆಳೆಯ ಹಾರ್ನ್ ಒತ್ತುತ್ತ, "ದಾರಿ ಬಿಡ್ರಲೇ, ಜಲ್ದಿ, ಪೇಷಂಟ್ ಅದಾರ!" ಎಂದು ಕೂಗುತ್ತಿದ್ದ. ಡ್ರೈವರುಗಳು ಇಣುಕಿ ನೋಡಿ ಪಾಪ ಎಂದರು. ಅವರಾದರೂ ಏನು ಮಾಡಿಯಾರು, ಲಾರಿಯನ್ನು ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ಟವೆಲ್ಲು ಕೆಂಪಾಗುವುದನ್ನು ನೋಡುತ್ತ ನಾನು ಒಂದೇ ಮಾತು ಅಂದುಕೊಳ್ಳುತ್ತಿದ್ದೆ, ತೋರುಬೆರಳು ತಾನೆ, ತೋರುಬೆರಳು ತಾನೆ.

ಡಾಕ್ಟರು ಹೊಲಿಗೆ ಹಾಕಿದರು, ಉಳಿಸಿ ನೋಡೋಣ ಎಂದರು. ಬೆರಳು ಉಳಿಯಲಿಲ್ಲ. ಕೆಲವು ದಿನಗಳಲ್ಲಿ ತುದಿ ಕಪ್ಪಾಯಿತು, ಕಪ್ಪು ಕೆಳಗಿಳಿಯಿತು. ಇನ್ನು ತಡಮಾಡಿದರೆ ಅಂಗೈಗೆ ಇಳಿಯುತ್ತದೆ ಎಂದು ನಡುಗೆಣ್ಣಿನವರೆಗೆ ತೆಗೆದುಬಿಟ್ಟರು. ಬುಡದ ಒಂದು ತುಂಡು ಮಾತ್ರ ಉಳಿಯಿತು. ನೋವಿಗೆ ಗುಳಿಗೆ ಕೊಟ್ಟರು. ಹೆಂಡತಿ ನನ್ನ ಹಾಸಿಗೆಯ ಪಕ್ಕ ಕೂತಿದ್ದಳು. ಇಂಜಿನ್ನಿನ ವಿಷಯಕ್ಕೆ ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಚಿಕ್ಕಪ್ಪಗ ಹೇಳಬೇಕಲ್ರಿ," ಎಂದಳು ಕೊನೆಗೆ. ಅಷ್ಟೆ.

ಹೇಳಲೇಬೇಕಿತ್ತು. ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಆರು ಮನೆಗಳಿಗೂ ಹಿರಿಯರು. ಪಾಳಿಯ ವಿಷಯದಲ್ಲಿ ಅವರದೇ ಕೊನೆಯ ಮಾತು. ಗರ್ಭಗುಡಿಯೊಳಗೆ ಹೋಗಿ ವಿಗ್ರಹ ಮುಟ್ಟುವವನ ಅಂಗಗಳೆಲ್ಲ ಪೂರ್ತಿಯಾಗಿರಬೇಕು ಎಂಬ ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ. ಚಿಕ್ಕಂದಿನಿಂದ ಕೇಳಿದ್ದೆ. ಕೇಳುವಾಗಲೆಲ್ಲ ಅದು ಯಾರೋ ಬೇರೆಯವರ ವಿಷಯ ಎಂದುಕೊಂಡಿದ್ದೆ. ಆಸ್ಪತ್ರೆಯಿಂದ ಬಂದವನು ವಾದವನ್ನೆಲ್ಲ ಸಿದ್ಧಮಾಡಿಕೊಂಡು, ಧನುರ್ಮಾಸಕ್ಕೆ ಇನ್ನೂ ಕೆಲವು ವಾರ ಇದೆ ಎನ್ನುವಾಗ ಕಮಲಾಪುರಕ್ಕೆ ಹೋದೆ. ಚಿಕ್ಕಪ್ಪ ಜಗಲಿಯ ಮೇಲೆ ಕೂತು ತುಳಸಿ ಆಯುತ್ತಿದ್ದರು. ನನ್ನ ಕೈ ನೋಡಿ ತುಳಸಿಯ ಬುಟ್ಟಿ ಪಕ್ಕಕ್ಕೆ ಸರಿಸಿದರು.

"ಬಾರಪ್ಪಾ, ಕುಂದ್ರು. ಭಾಳ ನೋಯ್ತದೇನು?" ಎಂದರು.

ನಾನು ನೋವಿನ ಮಾತು ಬಿಟ್ಟು ನೇರ ವಾದಕ್ಕೇ ಇಳಿದೆ. "ಚಿಕ್ಕಪ್ಪ, ಹೋಗಿದ್ದು ತೋರುಬೆರಳು. ಗಂಧಕ್ಕ ಅದು ಬ್ಯಾಡ, ತುಳಸಿಗೆ ಬ್ಯಾಡ, ಜಪಕ್ಕ ಬ್ಯಾಡ. ಪೂಜಾದಾಗ ಅದರದು ಏನೂ ಕೆಲಸ ಇಲ್ಲ ಅಂತ ಅಪ್ಪ ಹೇಳಿಕೊಟ್ಟಿದ್ರು. ಇಲ್ಲದ ಕೆಲಸದ ಬೆರಳು ಹೋದ್ರ ಪೂಜಾಕ್ಕ ಏನು ಕಮ್ಮಿ ಆಗ್ತದ, ಹೇಳ್ರಿ?"

ಅವರು ನನ್ನ ಬ್ಯಾಂಡೇಜಿನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಮಡಿಯಲ್ಲಿದ್ದವರು ಹಾಗೆ ಮುಟ್ಟುವುದಿಲ್ಲ, ಮುಟ್ಟಿದರು.

"ನೀ ಹೇಳೂದು ಖರೇ ಅದ. ಆ ಬೆರಳು ಪೂಜಾಕ್ಕ ಬರೂದಿಲ್ಲ," ಎಂದರು. "ಆದ್ರ ಹಂಪಿ ತುಂಬ ಮೂರ್ತಿ ನೋಡ್ಕೋತ ಬೆಳದಾವ ನೀನು. ಒಂದು ಕಿರುಬೆರಳು ಮುರದಿದ್ರೂ ನಾವು ಅದಕ್ಕ ನೀರು ಹಾಕ್ತೀವೇನು? ಎಂಥಾ ಚಂದ ಇರ್ತದ ಮೂರ್ತಿ! ಆದ್ರೂ ಪೂಜಾ ಮಾಡೂದಿಲ್ಲ. ದೇವರಿಗೇ ಬಿಡದ ನಿಯಮ ನಿನಗ ಹೆಂಗ ಬಿಡ್ಲಿ, ನೀನ ಹೇಳು."

ನನಗೆ ನಿಯಮ ಮಾಡಿದವರ ಮೇಲೆ ಸಿಟ್ಟು ಬಂತು. ಆದರೆ ಎದುರಿಗಿದ್ದವರು ಅವರಲ್ಲ. ಎದುರಿಗಿದ್ದದ್ದು ನನ್ನ ಕೈ ಹಿಡಿದುಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದ ಮುದುಕರು. ಅವರು ಗದರಿಸಿದ್ದರೆ ಜಗಳವಾಡಿ ಎದ್ದು ಬರುತ್ತಿದ್ದೆ. ಇಷ್ಟು ಪ್ರೀತಿಯಿಂದ ಬಾಗಿಲು ಮುಚ್ಚುವವರ ಜೊತೆ ಯಾವ ಬಾಯಲ್ಲಿ ಜಗಳ ಆಡುವುದು?

"ಹುಗ್ಗಿ ನೀನ ಮಾಡು. ಮಾಲಿ ಕಟ್ಟು. ಹೊರಗ ಕುಂತು ಮಂತ್ರ ಹೇಳು, ನಿನ್ನಂಥ ದನಿ ನಮ್ಮ ಆರೂ ಮನ್ಯಾಗ ಇಲ್ಲ," ಎಂದರು. "ಒಳಗಿಂದು ತಮ್ಮ ನೋಡ್ಕೋತಾನ."

ತಮ್ಮ ಎಂದರೆ ಅವರ ಮಗ. ಬ್ಯಾಂಕಿನಲ್ಲಿ ಕೆಲಸ. ಒಳ್ಳೆಯವನು, ಆದರೆ ಎಲ್ಲದರಲ್ಲೂ ಅವಸರ. ಅವನ ಪೂಜೆಯಲ್ಲಿ ಗಂಟೆಯ ಸದ್ದು ನಿಲ್ಲುವಷ್ಟರಲ್ಲಿ ಮಂಗಳಾರತಿ ಮುಗಿದಿರುತ್ತದೆ ಎಂದು ನಾನೇ ಎಷ್ಟೋ ಸಲ ಆಡಿಕೊಂಡು ನಕ್ಕಿದ್ದೇನೆ. ಅವನು ಅಂದು ಸಂಜೆ ಫೋನ್ ಮಾಡಿ, "ಅಣ್ಣ, ಇದು ನಿಮ್ಮ ಪಾಳಿನ. ನಿಮ್ಮ ಹೆಸರಿನ್ಯಾಗ ಸಂಕಲ್ಪ ಮಾಡ್ತೀನಿ," ಎಂದ. ಆಯಿತು ಎಂದೆ.

ಆ ವಾರಗಳಲ್ಲಿ ನಾನು ಯಾರಿಗೂ ಬೇಕಾದ ಮನುಷ್ಯನಾಗಿರಲಿಲ್ಲ. ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯಲು ಬರದೆ ಹೆಬ್ಬೆರಳು ನಡುಬೆರಳ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದೆ, ಅಕ್ಷರಗಳು ಕುಡಿದವರ ಹಾಗೆ ಓಲಾಡುತ್ತಿದ್ದವು. ಯಾರನ್ನೋ ಎಬ್ಬಿಸಲು ತೋರಿಸಿದರೆ ಇಡೀ ಕೈ ಎತ್ತಬೇಕು, ಪಕ್ಕದವನು ಎದ್ದು ನಿಲ್ಲುತ್ತಿದ್ದ. ಇಲ್ಲದ ಬೆರಳು ತುರಿಸುತ್ತಿತ್ತು. ಗೆಳೆಯ ಮೊದಲಿಗೆ ದಿನಾ ಫೋನ್ ಮಾಡುತ್ತಿದ್ದ, ನಾನು ಸರಿಯಾಗಿ ಮಾತಾಡದ್ದಕ್ಕೆ ಕಡಿಮೆ ಮಾಡಿದ. ಒಂದು ದಿನ ವಿಡಿಯೋ ಕಳಿಸಿದ. ಕಡ್ಡಿಯನ್ನು ಸ್ವಲ್ಪ ಸಡಿಲಿಸಿ, ದೊಡ್ಡ ಪ್ರೊಪೆಲ್ಲರ್ ಹಾಕಿ, ಎರಡು ಬೆರಳಿಗೆ ಆ ಚರ್ಮದ ಚೀಲ ತೊಟ್ಟು ಹೊಡೆಯುತ್ತಾನೆ. ಇಂಜಿನ್ ಒಂದೇ ಏಟಿಗೆ ಹತ್ತುತ್ತದೆ, ಸರಿಯಾದ ದಿಕ್ಕಿಗೆ. ಹಿಂದೆಯೇ ಅವನ ದನಿ.

"ಬಂತು ನೋಡ್ರಿ ಆಚಾರ್ರ! ಮಸ್ತ್ ಓಡ್ತೈತಿ. ನೀವು ಬರ್ರಿ, ನೀವು ಇಲ್ಲದ ಇದ್ರಾಗ ಮಜಾ ಇಲ್ಲ."

ವಿಡಿಯೋವನ್ನು ಸದ್ದು ತೆಗೆದು ನೋಡಿದೆ. ಮತ್ತೆ ಸದ್ದು ಹಾಕಿ ನೋಡಿದೆ. ಚೆನ್ನಾಗಿ ಓಡುತ್ತಿತ್ತು. ಉತ್ತರ ಬರೆಯಲು ಹೋಗಿ ಅಕ್ಷರ ಒತ್ತುವ ಬೆರಳೇ ಇಲ್ಲದ್ದು ನೆನಪಾಗಿ ಫೋನ್ ಕೆಳಗಿಟ್ಟೆ.

ಧನುರ್ಮಾಸದ ಮೊದಲ ದಿನ. ಕತ್ತಲಿರುವಾಗಲೇ ನಾನೂ ಹೆಂಡತಿಯೂ ಗುಡಿ ಸೇರಿದ್ದೆವು. ಹುಗ್ಗಿ ಮಾಡಿದೆ. ತುಪ್ಪ ಮೆಣಸಿನ ಘಮಕ್ಕೆ ತೋಟದವರೂ ಎದ್ದು ಬಂದರು. ಹೊಸ್ತಿಲಿನ ಹೊರಗೆ ಕೂತು ಮಂತ್ರ ಹೇಳಿದೆ. ದನಿ ಸರಿಯಾಗಿಯೇ ಇತ್ತು. ಒಳಗೆ ತಮ್ಮ ಅಭಿಷೇಕ ಮಾಡುತ್ತಿದ್ದ. ಅವನು ಎಲ್ಲಿ ಅವಸರ ಮಾಡುತ್ತಾನೋ, ಎಲ್ಲಿ ತಪ್ಪುತ್ತಾನೋ ಎಂದು ಕಣ್ಣಿಟ್ಟು ನೋಡಿದೆ. ಅಂದು ಅವನು ಎಲ್ಲೂ ಅವಸರ ಮಾಡಲಿಲ್ಲ. ಹಾಲಿನ ಧಾರೆಯನ್ನು ನಿಧಾನ ಬಿಟ್ಟ, ಒಂದೊಂದೇ ತುಳಸಿ ಏರಿಸಿದ. ನನಗಾಗಿ ಹಾಗೆ ಮಾಡುತ್ತಿದ್ದಾನೆ ಎಂದು ತಿಳಿಯಿತು, ತಿಳಿದು ಇನ್ನೂ ಸಂಕಟವಾಯಿತು.

ಮಂಗಳಾರತಿ ಆಯಿತು. ತೀರ್ಥ ಕೊಡಲು ತಮ್ಮ ಹೊಸ್ತಿಲಿಗೆ ಬಂದ. ಜನ ಸಾಲಾಗಿ ನಿಂತರು. ನಾನೂ ನಿಂತೆ. ನಮ್ಮ ಗುಡಿಯಲ್ಲಿ ನಾನು ತೀರ್ಥ ಕೊಟ್ಟವನು. ಪಾಳಿ ಇಲ್ಲದ ದಿನಗಳಲ್ಲೂ ಒಳಗೆ ಹೋಗಿ ನಾನೇ ಬಟ್ಟಲೆತ್ತಿ ತೆಗೆದುಕೊಳ್ಳುತ್ತಿದ್ದವನು. ಸಾಲಿನಲ್ಲಿ ನಿಂತು ಕೈ ಒಡ್ಡಿದ್ದು ಅದೇ ಮೊದಲು.

ತೀರ್ಥಕ್ಕೆ ಕೈ ಒಡ್ಡುವ ಕ್ರಮ ಎಲ್ಲರಿಗೂ ಗೊತ್ತು. ಬಲಗೈ ಬೊಗಸೆ ಮಾಡಿ, ತೋರುಬೆರಳನ್ನು ಒಳಕ್ಕೆ ಮಡಚಿ, ಅದರ ಮೇಲೆ ಹೆಬ್ಬೆರಳು ಒತ್ತಬೇಕು. ಆಗ ಅಂಗೈಯಲ್ಲಿ ಒಂದು ಗುಳಿ ಏಳುತ್ತದೆ, ನೀರು ನಿಲ್ಲುತ್ತದೆ. ಕೊಡುವಾಗ ಕೆಲಸವಿಲ್ಲದ ಬೆರಳಿಗೆ ಇಸಿದುಕೊಳ್ಳುವಾಗ ಕೆಲಸವಿದೆ. ಇಷ್ಟು ವರ್ಷ ಸಾವಿರಾರು ಕೈಗಳಿಗೆ ತೀರ್ಥ ಹಾಕಿದವನು ನಾನು, ಒಂದು ದಿನವೂ ಇದನ್ನು ಗಮನಿಸಿರಲಿಲ್ಲ. ಹೆಬ್ಬೆರಳು ಒತ್ತಲು ಹೋದೆ, ಅಲ್ಲಿ ಏನೂ ಇರಲಿಲ್ಲ.

ತಮ್ಮ ಹಾಕಿದ ತೀರ್ಥ ಆ ಸಂದಿಯಿಂದ ಇಳಿದು ಮಣಿಕಟ್ಟಿಗೆ ಬಂತು, ಅಲ್ಲಿಂದ ಮೊಣಕೈಗೆ. ತುಟಿಗೆ ಒಯ್ಯುವಷ್ಟರಲ್ಲಿ ಅಂಗೈ ಬರೀ ಒದ್ದೆ. ಅವನು ನನ್ನ ಮುಖ ನೋಡಿ ಮತ್ತೊಮ್ಮೆ ಹಾಕಿದ. ನಡುಬೆರಳನ್ನು ಮಡಚಿ ಹಿಡಿದು ನೋಡಿದೆ, ಈ ಸಲ ಎಲ್ಲ ಬೆರಳುಗಳ ನಡುವೆಯೂ ಸೋರಿತು. ಕೆಳಗೆ ಬಿದ್ದ ತೀರ್ಥ ತುಳಿಯಬಾರದೆಂದು ಹಿಂದಿದ್ದವರು ಒಂದು ಹೆಜ್ಜೆ ಸರಿದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕಂಬದ ಕಡೆ ತಿರುಗಿದಳು.

ತಮ್ಮ ಉದ್ಧರಣೆಯ ಚಮಚ ತುಂಬಿ ಮುಂದೆ ಬಾಗಿದ.

"ಬಾಯಿ ತಗೀರಿ ಅಣ್ಣ," ಎಂದ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

ಹಾಗೆ ನೇರ ಬಾಯಿಗೆ ತೀರ್ಥ ಹಾಕುವುದು ಎಳೆಗೂಸುಗಳಿಗೆ, ಇಲ್ಲವೇ ಹಾಸಿಗೆ ಬಿಟ್ಟು ಏಳಲಾರದವರಿಗೆ. ಅಪ್ಪನಿಗೆ ಕೊನೆಯ ದಿನ ನಾನು ಹಾಗೆ ಹಾಕಿದ್ದೆ. ನಾನು ಬಾಯಿ ತೆರೆದೆ.